ಮಶ್ಶಿ ಸ್ಥಿರಾಂಕಕ್ಕೆ ಕೈ ಹಾಕುವ ಮುನ್ನ: ಫಿನ್ ಇರುವ ಪಿಸಿಎಂ ಘಟಕದ ಸಿಮ್ಯುಲೇಶನ್ ತಪ್ಪುವುದೆಲ್ಲಿ

ಪ್ರಶ್ನೆ: ಅಡ್ಡಲಾಗಿ ಮಲಗಿಸಿದ, 1 ಮೀಟರ್ ಉದ್ದದ ಶೆಲ್-ಟ್ಯೂಬ್ ಶಾಖ ಸಂಗ್ರಾಹಕ ನಮ್ಮದು. ಟ್ಯೂಬಿನ ಒಳವ್ಯಾಸ 20 ಮಿ.ಮೀ., ಹೊರವ್ಯಾಸ 22 ಮಿ.ಮೀ., ಶೆಲ್‌ನ ಒಳವ್ಯಾಸ 110 ಮಿ.ಮೀ. ಟ್ಯೂಬಿನ ಉದ್ದಕ್ಕೂ ಶಾಖ ಹರಡುವ ರೆಕ್ಕೆಗಳಂಥ 8 ಅಲ್ಯೂಮಿನಿಯಂ ಫಿನ್‌ಗಳಿವೆ. ಎತ್ತರ 40 ಮಿ.ಮೀ., ದಪ್ಪ 1 ಮಿ.ಮೀ. ಸುತ್ತ ಪ್ಯಾರಾಫಿನ್ ಮೇಣ, ಅಂದರೆ ಕರಗುತ್ತ-ಗಟ್ಟಿಯಾಗುತ್ತ ಶಾಖ ಕೂಡಿಡುವ ವಸ್ತು (ಪಿಸಿಎಂ). ಒಳಗೆ ನಿಮಿಷಕ್ಕೆ ಸುಮಾರು 0.64 ಲೀಟರ್ ನೀರು ಹರಿಯುತ್ತದೆ. ಕರಗಿಸುವಾಗ ನೀರು ಕರಗುವ ಬಿಂದುವಿಗಿಂತ 20 ಡಿಗ್ರಿ ಮೇಲೆ, ಗಟ್ಟಿಯಾಗಿಸುವಾಗ 20 ಡಿಗ್ರಿ ಕೆಳಗೆ. ಎಂಥಾಲ್ಪಿ-ಪೊರಾಸಿಟಿ ವಿಧಾನದಲ್ಲಿ (ಅರೆಗರಗಿದ ಭಾಗವನ್ನು ರಂಧ್ರಮಯ ವಸ್ತುವಿನಂತೆ ಕಾಣುವ ಲೆಕ್ಕ) 45 ಡಿಗ್ರಿಯ ಒಂದು ಹೋಳನ್ನು ಮಾತ್ರ ತೆಗೆದುಕೊಂಡು, ಟ್ಯೂಬಿನ ಗೋಡೆಗೆ ನೀರಿನ ತಾಪಮಾನವನ್ನೇ ಕೊಟ್ಟಿದ್ದೇವೆ. ಸಿಮ್ಯುಲೇಶನ್‌ನಲ್ಲಿ ಕರಗುವುದೂ ಗಟ್ಟಿಯಾಗುವುದೂ ಪ್ರಯೋಗಕ್ಕಿಂತ ತುಂಬಾ ಬೇಗ ಮುಗಿಯುತ್ತವೆ. ಮಶ್ಶಿ ಝೋನ್ (ಅರೆಗರಗಿದ ಭಾಗ) ಸ್ಥಿರಾಂಕವನ್ನು ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಿದರೆ ಕರಗುವ ಗೆರೆ ಹೊಂದಿಕೊಳ್ಳುತ್ತದೆ, ಗಟ್ಟಿಯಾಗುವ ಗೆರೆ ಮಾತ್ರ ಕದಲುವುದಿಲ್ಲ. ಯಾವ ಮೌಲ್ಯ ಬಳಸಬೇಕು?

ಉತ್ತರ:

ಗಟ್ಟಿಯಾಗುವ ಗೆರೆ ಕದಲಲಿಲ್ಲ ಎನ್ನುವುದರಲ್ಲೇ ಸುಳಿವಿದೆ. ಮಶ್ಶಿ ಸ್ಥಿರಾಂಕ ಹಿಡಿದಿಡುವುದು ದ್ರವದ ಚಲನೆಯನ್ನು ಮಾತ್ರ. ಗಟ್ಟಿಯಾಗುವಾಗ ಚಲನೆಯ ಪಾತ್ರ ಕಡಿಮೆ, ಹೆಚ್ಚಿನ ಶಾಖ ವಹನದಿಂದಲೇ (ವಸ್ತು ಚಲಿಸದೆ) ಹೊರಹೋಗುತ್ತದೆ. ಅಲ್ಲಿಯೂ ಕಾಲ ತಪ್ಪುತ್ತಿದೆ ಎಂದರೆ ದೋಷವಿರುವುದು ಶಾಖದ ಲೆಕ್ಕದಲ್ಲಿ. ಅದನ್ನು ಸರಿಪಡಿಸದೆ ಈ ಸ್ಥಿರಾಂಕದಿಂದ ಕರಗುವ ಗೆರೆಯನ್ನು ಎಳೆದು ಕೂರಿಸಿದರೆ ಎರಡು ತಪ್ಪು ಸೇರಿ ಒಂದು ಸರಿಯಂತೆ ಕಾಣುತ್ತದೆ, ಅಷ್ಟೆ. ಫಿನ್‌ನ ಸಂಖ್ಯೆಯನ್ನೋ ಎತ್ತರವನ್ನೋ ಬದಲಿಸಿದ ಕೂಡಲೇ ಆ ಹೊಂದಿಕೆ ಬಿದ್ದುಹೋಗುತ್ತದೆ.

ನನ್ನ ಮೊದಲ ಅನುಮಾನ ಗೋಡೆಯ ತಾಪಮಾನದ ಮೇಲೆ. ನಿಮ್ಮ ಹರಿವಿಗೆ ನೀರಿನ ವೇಗ ಸೆಕೆಂಡಿಗೆ 34 ಮಿ.ಮೀ. ಆಸುಪಾಸು, ಬಿಸಿನೀರಿಗೆ ರೆನಾಲ್ಡ್ಸ್ ಸಂಖ್ಯೆ ಸುಮಾರು 1,500. ಅಂದರೆ ಹರಿವು ಲ್ಯಾಮಿನಾರ್ (ಸುಳಿಯಿಲ್ಲದೆ ಪದರಪದರವಾಗಿ). ಇಲ್ಲಿ ಹಲವರು ನುಸೆಲ್ಟ್ ಸಂಖ್ಯೆ (ನೀರು-ಗೋಡೆ ನಡುವೆ ಶಾಖ ಎಷ್ಟು ಸಲೀಸಾಗಿ ದಾಟುತ್ತದೆಂಬ ಅಳತೆ) 3.66 ಎಂದು ಹಾಕಿಬಿಡುತ್ತಾರೆ. ಅದು ಪೂರ್ಣ ವಿಕಾಸಗೊಂಡ ಹರಿವಿನ ಮೌಲ್ಯ. ನಿಮ್ಮ 1 ಮೀಟರ್ ಟ್ಯೂಬ್ ಪೂರ್ತಿಯಾಗಿ ಪ್ರವೇಶ ವಲಯದಲ್ಲೇ ಇದೆ, ಯಾಕೆಂದರೆ ಉಷ್ಣ ಪ್ರವೇಶ ಉದ್ದವೇ 4 ಮೀಟರ್ ದಾಟುತ್ತದೆ. ಹೌಸೆನ್ ಸೂತ್ರದಲ್ಲಿ ಲೆಕ್ಕ ಹಾಕಿದರೆ ಸರಾಸರಿ ನುಸೆಲ್ಟ್ ಸುಮಾರು 7 ಬರುತ್ತದೆ. ಆಗ ಶಾಖ ವರ್ಗಾವಣೆ ಗುಣಾಂಕ ಚದರ ಮೀಟರಿಗೆ ಕೆಲ್ವಿನ್‌ಗೆ 224 ವ್ಯಾಟ್. ಒಳಪರಿಧಿಯಿಂದ ಗುಣಿಸಿದರೆ ಟ್ಯೂಬಿನ ಪ್ರತಿ ಮೀಟರಿಗೆ ಪ್ರತಿ ಕೆಲ್ವಿನ್‌ಗೆ ಸುಮಾರು 14 ವ್ಯಾಟ್.

ಈಗ ಪ್ಯಾರಾಫಿನ್ ಬದಿ ನೋಡಿ. ಉಷ್ಣ ವಾಹಕತೆ 0.2 ಇರುವ ವಸ್ತುವಿನ 5 ಮಿ.ಮೀ. ಪದರಕ್ಕೆ ಗುಣಾಂಕ 40. ಪದರ ದಪ್ಪವಾದಂತೆ ವಹನ ಕುಗ್ಗುತ್ತದೆ, ಆ ಹೊತ್ತಿಗೆ ಸಂವಹನ (ದ್ರವದ ಚಲನೆ ಒಯ್ಯುವ ಶಾಖ) ಕೈಜೋಡಿಸುತ್ತದೆ. ಆದ್ದರಿಂದ ಕರಗುವಾಗ ಸರಾಸರಿ 40 ಎಂದು ಹಿಡಿಯುವುದು ಮೊದಲ ಅಂದಾಜಿಗೆ ಸಾಕು. ನಿಮ್ಮ ಅಲ್ಯೂಮಿನಿಯಂ ಫಿನ್‌ನ ದಕ್ಷತೆ ಇದಕ್ಕೆ 0.83 ಬರುತ್ತದೆ. ಎಂಟು ಫಿನ್‌ಗಳ ಎರಡೂ ಮೈ ಸೇರಿ ಪ್ರತಿ ಮೀಟರಿಗೆ ಪ್ರತಿ ಕೆಲ್ವಿನ್‌ಗೆ ಸುಮಾರು 21 ವ್ಯಾಟ್. (ಇದೇ ಫಿನ್ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿದ್ದರೆ ದಕ್ಷತೆ 0.35ಕ್ಕೆ ಇಳಿಯುತ್ತಿತ್ತು, ತುದಿಯ ಅರ್ಧ ಫಿನ್ ಸುಮ್ಮನೆ ಜಾಗ ತಿನ್ನುತ್ತಿತ್ತು.)

ಈ 14 ಮತ್ತು 21 ಸರಣಿಯಲ್ಲಿವೆ. ಒಟ್ಟು ಸುಮಾರು 8.5. ಇಪ್ಪತ್ತು ಡಿಗ್ರಿ ಅಂತರಕ್ಕೆ ಮೀಟರಿಗೆ ಸುಮಾರು 170 ವ್ಯಾಟ್. ಆ 170 ವ್ಯಾಟ್ ನೀರಿನ ಬದಿಯನ್ನು ದಾಟುವಷ್ಟರಲ್ಲೇ 12 ಡಿಗ್ರಿ ಖರ್ಚಾಗುತ್ತದೆ. ಪ್ಯಾರಾಫಿನ್‌ಗೆ ಕಾಣುವ ಗೋಡೆ ಕರಗುವ ಬಿಂದುವಿಗಿಂತ 20 ಅಲ್ಲ, 8 ಡಿಗ್ರಿ ಮಾತ್ರ ಮೇಲಿರುತ್ತದೆ. ನೀರೂ ಒಂದು ಮೀಟರ್ ಸಾಗುವಷ್ಟರಲ್ಲಿ ಸುಮಾರು 4 ಡಿಗ್ರಿ ತಣ್ಣಗಾಗುತ್ತದೆ. ಪ್ರತಿ ಮೀಟರಿನಲ್ಲಿ ಸುಮಾರು 7 ಕೆಜಿ ಪ್ಯಾರಾಫಿನ್ ಇದೆ, ಗುಪ್ತೋಷ್ಣ ಕೆಜಿಗೆ 180 ಕಿಲೋಜೂಲ್ ಎಂದುಕೊಂಡರೆ ಕರಗಿಸಲು ಬೇಕಾದದ್ದು ಸುಮಾರು 1,270 ಕಿಲೋಜೂಲ್. ನೀರಿನ ಬದಿಯ ರೋಧವನ್ನು ಸೇರಿಸಿದರೆ ಎರಡು ಗಂಟೆ ದಾಟುತ್ತದೆ. ಗೋಡೆಗೆ ನೇರವಾಗಿ ನೀರಿನ ತಾಪಮಾನ ಕೊಟ್ಟರೆ 50 ನಿಮಿಷದಲ್ಲಿ ಮುಗಿಯುತ್ತದೆ. ಇದು ಕೈಲೆಕ್ಕ, ಶೇಕಡಾ 20-30 ಆಚೀಚೆ ಇದ್ದೀತು. ಆದರೂ ನಿಮ್ಮ ವ್ಯತ್ಯಾಸದ ಬಹುಪಾಲು ಇಲ್ಲೇ ಸಿಗಬೇಕು.

ಇದೇ ಲೆಕ್ಕ ವಿನ್ಯಾಸಕ್ಕೂ ಒಂದು ಮಾತು ಹೇಳುತ್ತದೆ. ಈ ಹರಿವಿನಲ್ಲಿ ಫಿನ್ ಮೈಯನ್ನು ದುಪ್ಪಟ್ಟು ಮಾಡಿದರೂ ಶಕ್ತಿ ಏರುವುದು ಶೇಕಡಾ 25ರಷ್ಟು. ಹರಿವನ್ನು ರೆನಾಲ್ಡ್ಸ್ 10,000ಕ್ಕೆ ಏರಿಸಿದರೆ ನೀರಿನ ಬದಿಯ ಗುಣಾಂಕ 1,800ರ ಹತ್ತಿರ ಹೋಗುತ್ತದೆ, ಆಗ ಸ್ಥಿರ ತಾಪಮಾನದ ಗೋಡೆ ಎಂಬ ಊಹೆಯೂ ಹೆಚ್ಚುಕಡಿಮೆ ನಿಲ್ಲುತ್ತದೆ. ನಿಮ್ಮ ಈಗಿನ ಹರಿವಿಗೆ ಟ್ಯೂಬಿನ ಒಳಮೈಗೆ ಸಂವಹನದ ಗಡಿ ಶರತ್ತು ಕೊಡಿ: ಗುಣಾಂಕ 224, ನೀರಿನ ತಾಪಮಾನ ಒಳಹರಿವು-ಹೊರಹರಿವಿನ ಸರಾಸರಿ. ಗಟ್ಟಿಯಾಗುವ ಹಂತದಲ್ಲಿ ನೀರು ತಣ್ಣಗಿರುವುದರಿಂದ ಅದರ ಸ್ನಿಗ್ಧತೆ ಬೇರೆ, ಗುಣಾಂಕವನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಎರಡನೆಯದು 45 ಡಿಗ್ರಿಯ ಹೋಳು. ಟ್ಯೂಬ್ ಅಡ್ಡ ಮಲಗಿದ್ದಾಗ ಗುರುತ್ವ ಅಡ್ಡಕೊಯ್ತದ ಸಮತಲದಲ್ಲೇ ಇರುತ್ತದೆ, ಆದ್ದರಿಂದ ಸಮಮಿತಿ ಉಳಿಯುವುದು ಲಂಬ ರೇಖೆಯ ಆಚೀಚೆ ಮಾತ್ರ. ಅರ್ಧ ವೃತ್ತಕ್ಕಿಂತ ಸಣ್ಣ ಹೋಳು ಇಲ್ಲಿ ಸಲ್ಲದು. ಮೇಲ್ಮುಖವಾದ ಹೋಳಿನಲ್ಲಿ ಬಿಸಿ ದ್ರವ ಏರಿ ಶೆಲ್‌ನ ಮೇಲ್ಭಾಗವನ್ನು ಬೇಗ ಕರಗಿಸುತ್ತದೆ. ಟ್ಯೂಬಿನ ಕೆಳಗಿನ ಹೋಳಿನಲ್ಲಿ ಬಿಸಿ ದ್ರವ ಮೇಲೆ, ತಣ್ಣನೆಯದು ಕೆಳಗೆ ಪದರಗಟ್ಟಿ ಕೂರುತ್ತದೆ, ಸಂವಹನ ಸೋಮಾರಿಯಾಗುತ್ತದೆ. ಕೊನೆಯಲ್ಲಿ ಕರಗುವುದು ಯಾವತ್ತೂ ತಳವೇ, ಒಟ್ಟು ಕಾಲವನ್ನು ನಿರ್ಧರಿಸುವುದೂ ಅದೇ. ನೀವು ಆರಿಸಿದ್ದು ಮೇಲಿನ ಹೋಳಾಗಿದ್ದರೆ ನಿಧಾನದ ಭಾಗವನ್ನೇ ಬಿಟ್ಟಂತಾಯಿತು. ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಉದ್ದುದ್ದ ಫಿನ್ ಇಟ್ಟಾಗ ಹೋಳು ಸರಿ, ಆದರೆ ಅದು ಮೂರು ಆಯಾಮದ್ದಾಗಿರಬೇಕು, ಗುರುತ್ವ ಅಕ್ಷದ ಉದ್ದಕ್ಕೆ ಎಳೆಯುವುದರಿಂದ. ನೆಟ್ಟಗಿನ ಟ್ಯೂಬಿಗೆ ಬಳೆಯಂಥ ಫಿನ್ ಇದ್ದರೆ ಮಾತ್ರ ಎರಡು ಆಯಾಮದ ಅಕ್ಷಸಮಮಿತಿ ಸಾಕಾಗುತ್ತದೆ.

ಮೂರನೆಯದು ಸಾಂದ್ರತೆ, ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಅಂಶ. ಪ್ಯಾರಾಫಿನ್ ಕರಗುವಾಗ ಶೇಕಡಾ 10ರ ಹತ್ತಿರ ಹಿಗ್ಗುತ್ತದೆ. ಬುಸಿನೆಸ್ಕ್ ಊಹೆಯಲ್ಲಿ (ತೇಲುಬಲ ಬಿಟ್ಟು ಉಳಿದೆಡೆ ಸಾಂದ್ರತೆ ಬದಲಾಗದೆಂಬ ಊಹೆ) ಒಂದೇ ಸಾಂದ್ರತೆ ಕೊಡಬೇಕು. ದ್ರವದ ಸಾಂದ್ರತೆಯನ್ನು ಕೊಟ್ಟು ಶೆಲ್ ಪೂರ್ತಿ ತುಂಬಿದೆ ಎಂದು ಜ್ಯಾಮಿತಿ ಬರೆದರೆ ಒಂದು ದ್ರವ್ಯರಾಶಿ, ಘನದ ಸಾಂದ್ರತೆ ಕೊಟ್ಟರೆ ಇನ್ನೊಂದು. ಗುಪ್ತೋಷ್ಣದ ಒಟ್ಟು ಮೊತ್ತವೂ ಅಷ್ಟೇ ಪಾಲು ಬದಲಾಗುತ್ತದೆ. ನಿಯಮ ಸರಳ: ಪ್ರಯೋಗದಲ್ಲಿ ತೂಗಿ ಹಾಕಿದ ಕೆಜಿಯನ್ನು ಸಿಮ್ಯುಲೇಶನ್‌ನ ಪಿಸಿಎಂ ತುಂಬುವ ಜಾಗದ ಗಾತ್ರದಿಂದ ಭಾಗಿಸಿ, ಬಂದದ್ದನ್ನೇ ಸಾಂದ್ರತೆಯಾಗಿ ಕೊಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಸಾಂದ್ರತೆಯನ್ನು ತಾಪಮಾನದ ಜೊತೆ ಬದಲಾಗಲು ಬಿಟ್ಟರೆ ಒಂದೋ ಒತ್ತಡ ಹುಚ್ಚೆದ್ದು ಲೆಕ್ಕ ಒಡೆಯುತ್ತದೆ, ಇಲ್ಲವೇ ದ್ರವ್ಯರಾಶಿ ಸದ್ದಿಲ್ಲದೆ ಸೋರಿಹೋಗುತ್ತದೆ. ಹಿಗ್ಗುವಿಕೆಯನ್ನೇ ತೋರಿಸಬೇಕಿದ್ದರೆ ಮೇಲೆ ಗಾಳಿಯ ಪದರ, ಹೊರಗೆ ತೆರೆದ ಗಡಿ, ಗಾಳಿ-ದ್ರವದ ಗಡಿಯನ್ನು ಹಿಂಬಾಲಿಸುವ ವಿಒಎಫ್ ಮಾದರಿ. ಗಣನೆಯ ಕಾಲ ಹಲವು ಪಟ್ಟಾಗುತ್ತದೆ. ಫಿನ್‌ಗಳ ಹೋಲಿಕೆಯಷ್ಟೇ ಉದ್ದೇಶವಾದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಗುಪ್ತೋಷ್ಣ, ಕರಗುವ ವ್ಯಾಪ್ತಿಗಳನ್ನು ಎಲ್ಲಿಂದ ತಂದಿರಿ ಎಂಬುದನ್ನೂ ನೋಡಿ. ಡಿಎಸ್‌ಸಿಯಲ್ಲಿ (ಸಣ್ಣ ಮಾದರಿಯನ್ನು ಬಿಸಿಮಾಡಿ ಅದು ಹೀರುವ ಶಾಖ ಅಳೆಯುವ ಉಪಕರಣ) ನಿಮಿಷಕ್ಕೆ 10 ಡಿಗ್ರಿ ವೇಗದಲ್ಲಿ ಅಳೆದರೆ ಶಿಖರ ಅಗಲವಾಗಿ, ಮೇಲಕ್ಕೆ ಸರಿದು ಕಾಣುತ್ತದೆ. ಅದು ಮಾದರಿಯೊಳಗಿನ ತಾಪಮಾನದ ಅಂತರದ ಫಲ, ವಸ್ತುವಿನ ಗುಣವಲ್ಲ. ನಿಮಿಷಕ್ಕೆ ಅರ್ಧದಿಂದ ಒಂದು ಡಿಗ್ರಿಯಲ್ಲಿ ಅಳೆಸಿ, ಇಲ್ಲವೇ ಟಿ-ಹಿಸ್ಟರಿ ವಿಧಾನ (ತಣಿಯುವ ಮಾದರಿಯ ತಾಪಮಾನವನ್ನು ಕಾಲದೊಂದಿಗೆ ದಾಖಲಿಸುವುದು) ಬಳಸಿ. ವಿಶಿಷ್ಟೋಷ್ಣದ ಕೋಷ್ಟಕವನ್ನು ಡಿಎಸ್‌ಸಿ ಗೆರೆಯಿಂದಲೇ ಎತ್ತಿಕೊಂಡರೆ ಅದರಲ್ಲಿ ಶಿಖರ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಉಳಿದಿದ್ದು, ಅದರ ಮೇಲೆ ಗುಪ್ತೋಷ್ಣವನ್ನೂ ಬೇರೆ ಕೊಟ್ಟರೆ ಒಂದೇ ಶಾಖವನ್ನು ಎರಡು ಸಲ ಎಣಿಸಿದಂತೆ.

ಇಷ್ಟಾದ ಮೇಲೆ ಮಶ್ಶಿ ಸ್ಥಿರಾಂಕಕ್ಕೆ ಬರೋಣ. ವೋಲರ್ ಮತ್ತು ಪ್ರಕಾಶ್ 1987ರಲ್ಲಿ ಮಂಡಿಸಿದ ರೂಪದಲ್ಲಿ, ಅರೆಗರಗಿದ ಕೋಶವನ್ನು (ಲೆಕ್ಕಕ್ಕಾಗಿ ಜಾಗವನ್ನು ಕತ್ತರಿಸಿದ ಸಣ್ಣ ತುಂಡು) ರಂಧ್ರಮಯ ವಸ್ತುವಿನಂತೆ ಕಂಡು ಚಲನೆಯ ಸಮೀಕರಣಕ್ಕೆ ಒಂದು ತಡೆ ಸೇರಿಸಲಾಗುತ್ತದೆ. ತಡೆಯ ಪ್ರಮಾಣವೆಂದರೆ ಸ್ಥಿರಾಂಕವನ್ನು ಘನಾಂಶದ ವರ್ಗದಿಂದ ಗುಣಿಸಿ, ದ್ರವಾಂಶದ ಮೂರನೇ ಘಾತಕ್ಕೆ 0.001 ಕೂಡಿಸಿದ ಮೊತ್ತದಿಂದ ಭಾಗಿಸಿದ್ದು. ಫ್ಲುಯೆಂಟ್‌ನಲ್ಲೂ ಓಪನ್‌ಫೋಮ್‌ನಲ್ಲೂ (ಎರಡೂ ಸಿಮ್ಯುಲೇಶನ್ ತಂತ್ರಾಂಶಗಳು) ಸ್ಥಿರಾಂಕದ ಡೀಫಾಲ್ಟ್ ಒಂದು ಲಕ್ಷ.

ಅದು ಏನು ಮಾಡುತ್ತದೆಂದು ಅಂಕಿಯಲ್ಲೇ ನೋಡಬಹುದು. ಪ್ಯಾರಾಫಿನ್‌ನಲ್ಲಿ ಒಂದು ಡಿಗ್ರಿ ಅಂತರ ಹುಟ್ಟಿಸುವ ತೇಲುಬಲ ಘನ ಮೀಟರಿಗೆ ಸುಮಾರು 6 ನ್ಯೂಟನ್. ಅರ್ಧ ಕರಗಿದ ಕೋಶದಲ್ಲಿ, ಸ್ಥಿರಾಂಕ ಒಂದು ಲಕ್ಷವಿದ್ದಾಗ, ಈ ಬಲ ತಳ್ಳಬಲ್ಲ ವೇಗ ಸೆಕೆಂಡಿಗೆ 0.03 ಮಿ.ಮೀ.; ನಿಂತಂತೆಯೇ ಸರಿ. ಹತ್ತರಲ್ಲಿ ಒಂಬತ್ತು ಪಾಲು ಕರಗಿದ ಕೋಶದಲ್ಲಿ ಅದು 4-5 ಮಿ.ಮೀ.; ಪಕ್ಕದ ಪೂರ್ಣ ದ್ರವದಷ್ಟೇ ಸಲೀಸು. ಸ್ಥಿರಾಂಕವನ್ನು ಒಂದು ಕೋಟಿಗೆ ಏರಿಸಿ: ಅದೇ ಕೋಶದಲ್ಲಿ ವೇಗ ಮತ್ತೆ 0.05 ಮಿ.ಮೀ.ಗೂ ಕೆಳಗೆ. ಶೇಕಡಾ 90 ದ್ರವವಾದ ಮೇಣವೂ ಕಲ್ಲಿನಂತೆ ನಿಲ್ಲುತ್ತದೆ, ಕರಗುವಿಕೆ ನಿಧಾನವಾಗುತ್ತದೆ. ನಿಮ್ಮ ಗೆರೆ ಹೊಂದಿಕೊಂಡದ್ದು ಹೀಗೆ. ಉಲ್ಟಾ, ಸ್ಥಿರಾಂಕವನ್ನು ಒಂದು ಸಾವಿರಕ್ಕೆ ಇಳಿಸಿದರೆ ಪೂರ್ತಿ ಘನವಾದ ಕೋಶಗಳೂ ಗಂಟೆಗೆ 20 ಮಿ.ಮೀ.ನಷ್ಟು ತೆವಳಲು ಶುರುಮಾಡುತ್ತವೆ. ಘನ ಭಾಗದಲ್ಲಿ ವೇಗದ ಬಾಣಗಳು ಕಂಡರೆ ಇದೇ ಕಾರಣ.

ಕರಗುವ ವ್ಯಾಪ್ತಿ ಅಗಲವಾದಷ್ಟೂ ಅರೆಗರಗಿದ ಕೋಶಗಳು ಹೆಚ್ಚು, ಸ್ಥಿರಾಂಕದ ಪ್ರಭಾವವೂ ಹೆಚ್ಚು. ವ್ಯಾಪ್ತಿ ಒಂದೆರಡು ಡಿಗ್ರಿಯಷ್ಟಿದ್ದು ಮೆಶ್ (ಕೋಶಗಳ ಜಾಲ) ಸೂಕ್ಷ್ಮವಾಗಿದ್ದರೆ ಒಂದು ಲಕ್ಷಕ್ಕೂ ಹತ್ತು ಲಕ್ಷಕ್ಕೂ ದೊಡ್ಡ ವ್ಯತ್ಯಾಸ ಬರಬಾರದು. ಬಂದರೆ ಮೆಶ್ ಸಾಲದು ಎಂದರ್ಥ ಮಾಡಿಕೊಳ್ಳಿ. ನನ್ನ ಆಯ್ಕೆ ಇಷ್ಟು: ಒಂದು ಲಕ್ಷದಿಂದ ಆರಂಭಿಸಿ, ಹತ್ತು ಲಕ್ಷದಲ್ಲೊಮ್ಮೆ ಓಡಿಸಿ, ಎರಡರ ಅಂತರವನ್ನು ಅನಿಶ್ಚಿತತೆ ಎಂದೇ ವರದಿ ಮಾಡಿ. ಪ್ರಯೋಗಕ್ಕೆ ಹೊಂದಿಸಲೇಬೇಕೆಂದರೆ ಒಂದು ಫಿನ್ ವಿನ್ಯಾಸಕ್ಕೆ ಹೊಂದಿಸಿ, ಮೌಲ್ಯ ಬದಲಿಸದೆ ಇನ್ನೊಂದು ವಿನ್ಯಾಸವನ್ನು ಊಹಿಸಿ ನೋಡಿ.

ಮೆಶ್ ವಿಷಯಕ್ಕೆ: ಫಿನ್ ಮೈಗೆ ತಾಗಿದ ಕಡೆ 0.2 ರಿಂದ 0.25 ಮಿ.ಮೀ., ಫಿನ್‌ನ ದಪ್ಪದೊಳಗೆ ಕನಿಷ್ಠ ಮೂರು ಕೋಶ. ಫಿನ್-ಪಿಸಿಎಂ ಗಡಿ ಕಪಲ್ಡ್ (ಎರಡೂ ಬದಿಗೆ ಶಾಖ ದಾಟಿಸುವ) ಗೋಡೆಯಾಗಿದೆಯೇ ಎಂದು ಕಣ್ಣಾರೆ ನೋಡಿ. ಜ್ಯಾಮಿತಿ ಆಮದಿನಲ್ಲಿ ಅದು ಎರಡು ಬೇರೆ ಗೋಡೆಗಳಾಗಿ, ಎರಡಕ್ಕೂ ಶೂನ್ಯ ಶಾಖಪ್ರವಾಹ ಅಂಟಿಕೊಂಡಿರುವುದು ಸಾಮಾನ್ಯ. ಆಗ ಫಿನ್ ಚಿತ್ರದಲ್ಲಿ ಇರುತ್ತದೆ, ಶಾಖ ಮಾತ್ರ ದಾಟುವುದಿಲ್ಲ.

ಕಾಲಹೆಜ್ಜೆಯನ್ನು ನಿರ್ಧರಿಸುವುದು ಕರಗುವ ಅಂಚಲ್ಲ, ಸಂವಹನ. ಅಂಚು 0.25 ಮಿ.ಮೀ. ಕೋಶವನ್ನು ದಾಟಲು ಒಂದು ನಿಮಿಷದಷ್ಟು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 5 ಮಿ.ಮೀ. ಓಡುವ ದ್ರವ ಅದನ್ನು 0.05 ಸೆಕೆಂಡಿನಲ್ಲಿ ದಾಟುತ್ತದೆ. ಆದ್ದರಿಂದ ಕರಗಿಸುವಾಗ 0.05-0.1 ಸೆಕೆಂಡ್. ಗಣನೆಯ ಸ್ಕೀಮ್ ಆರಿಸುವಾಗ ಒತ್ತಡಕ್ಕೆ ಪ್ರೆಸ್ಟೋ, ಚಲನೆ-ಶಕ್ತಿಗೆ ಎರಡನೇ ದರ್ಜೆಯ ಅಪ್‌ವಿಂಡ್. ಶಕ್ತಿಯ ರೆಸಿಡ್ಯುಯಲ್ (ಸಮೀಕರಣದಲ್ಲಿ ಉಳಿದ ದೋಷ) 10 ಲಕ್ಷದಲ್ಲಿ ಒಂದಕ್ಕೆ ಇಳಿದರೆ ಸಾಕೆಂದು ನಂಬಬೇಡಿ. ಗೋಡೆಯಿಂದ ಒಳಬಂದ ಶಾಖವನ್ನು ಕಾಲದ ಮೇಲೆ ಕೂಡಿಸಿ, ಪಿಸಿಎಂ ಮತ್ತು ಫಿನ್‌ಗಳಲ್ಲಿ ಏರಿದ ಒಟ್ಟು ಎಂಥಾಲ್ಪಿಗೆ ಹೋಲಿಸಿ. ಅಂತರ ಶೇಕಡಾ 1 ದಾಟಿದರೆ ಪ್ರತಿ ಹೆಜ್ಜೆಯ ಪುನರಾವರ್ತನೆ ಹೆಚ್ಚಿಸಿ ಇಲ್ಲವೇ ಹೆಜ್ಜೆ ಕುಗ್ಗಿಸಿ. ಕಾಮ್ಸಾಲ್‌ನಂತೆ ಗೋಚರ ವಿಶಿಷ್ಟೋಷ್ಣದ ವಿಧಾನ (ಗುಪ್ತೋಷ್ಣವನ್ನು ವಿಶಿಷ್ಟೋಷ್ಣದೊಳಗೇ ಸೇರಿಸುವುದು) ಬಳಸುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಅಲ್ಲಿ 2 ಡಿಗ್ರಿ ವ್ಯಾಪ್ತಿಗೆ ವಿಶಿಷ್ಟೋಷ್ಣ ಸುಮಾರು ನಲವತ್ತು ಪಟ್ಟು ಜಿಗಿಯುತ್ತದೆ. ದೊಡ್ಡ ಹೆಜ್ಜೆ ಇಟ್ಟ ಕೋಶ ಆ ವ್ಯಾಪ್ತಿಯನ್ನು ಹಾರಿ ದಾಟಿದರೆ ಅದರ ಗುಪ್ತೋಷ್ಣ ಲೆಕ್ಕಕ್ಕೇ ಸಿಗುವುದಿಲ್ಲ.

ಇದಕ್ಕೂ ಮೊದಲು ಒಂದು ಆಯಾಮದ ಸ್ಟೆಫಾನ್ ಸಮಸ್ಯೆಯನ್ನು (ಕರಗುವ ಅಂಚು ಎಷ್ಟು ಸರಿಯುತ್ತದೆಂಬ ಲೆಕ್ಕ) ಗುರುತ್ವವಿಲ್ಲದೆ ಓಡಿಸಿ. ವಾಹಕತೆ 0.2, ಸಾಂದ್ರತೆ 800, ವಿಶಿಷ್ಟೋಷ್ಣ 2,200, ಗುಪ್ತೋಷ್ಣ 1,80,000 (ಎಲ್ಲವೂ ಎಸ್‌ಐ ಮಾನದಲ್ಲಿ), ಗೋಡೆ ಕರಗುವ ಬಿಂದುವಿಗಿಂತ 20 ಡಿಗ್ರಿ ಮೇಲೆ, ಘನ ಸರಿಯಾಗಿ ಕರಗುವ ಬಿಂದುವಿನಲ್ಲೇ. ಅದರ ನಿಖರ ಉತ್ತರವಾದ ನಾಯ್ಮನ್ ಪರಿಹಾರದಂತೆ ಒಂದು ಗಂಟೆಗೆ ಅಂಚು 13.6 ಮಿ.ಮೀ.ನಲ್ಲಿರಬೇಕು. ನಿಮ್ಮದು 14.1 ತೋರಿಸಿದರೆ ಸಂವೇದ್ಯ ಶಾಖ (ತಾಪಮಾನ ಏರಿಸುವ ಶಾಖ) ಲೆಕ್ಕದಿಂದ ತಪ್ಪಿಹೋಗಿದೆ ಎಂದು ಶಂಕಿಸಿ, ಅದನ್ನು ಕೈಬಿಟ್ಟ ಸರಳ ಸೂತ್ರದ ಉತ್ತರ ಅದೇ. ಸಂವಹನದ ಪರೀಕ್ಷೆಗೆ ಎಲ್ಲರೂ ಗಾವ್-ವಿಸ್ಕಾಂಟಾ ಅವರ 1986ರ ಗ್ಯಾಲಿಯಂ ಪ್ರಯೋಗವನ್ನೇ ಹಿಡಿಯುತ್ತಾರೆ. ಗ್ಯಾಲಿಯಂ ದ್ರವಲೋಹ, ಅದರ ಪ್ರಾಂಟ್ಲ್ ಸಂಖ್ಯೆ (ಸ್ನಿಗ್ಧತೆಗೂ ಶಾಖ ಹರಡುವಿಕೆಗೂ ಇರುವ ಅನುಪಾತ) 0.02ರ ಆಸುಪಾಸು, ಪ್ಯಾರಾಫಿನ್‌ನದ್ದು 40ರ ಮೇಲೆ. ಅಲ್ಲಿ ಹೊಂದಿದ ಮಾದರಿ ಇಲ್ಲಿ ಹೊಂದುತ್ತದೆ ಎನ್ನಲು ಆಧಾರವಿಲ್ಲ. ಲಾರಿಕ್ ಆಮ್ಲವನ್ನು ಆಯತ ಪೆಟ್ಟಿಗೆಯಲ್ಲಿ ಕರಗಿಸಿದ ಪ್ರಕಟಿತ ಪ್ರಯೋಗಗಳು ನಿಮಗೆ ಹೆಚ್ಚು ಹತ್ತಿರ.

ಗಟ್ಟಿಯಾಗುವ ಹಂತವನ್ನು ಬೇರೆ ಸಮಸ್ಯೆ ಎಂದೇ ನೋಡಿ. ದ್ರವ ಆರಂಭದಲ್ಲಿ 10 ಡಿಗ್ರಿ ಹೆಚ್ಚು ಬಿಸಿ ಇದ್ದರೂ ಆ ಸಂವೇದ್ಯ ಶಾಖ ಗುಪ್ತೋಷ್ಣದ ಶೇಕಡಾ 12ರಷ್ಟು. ಅದು ಇಳಿದ ಮೇಲೆ ಸಂವಹನವನ್ನೇ ನಿಲ್ಲಿಸಿ ಬರೀ ವಹನದಲ್ಲಿ, 1 ರಿಂದ 5 ಸೆಕೆಂಡ್ ಹೆಜ್ಜೆಯಲ್ಲಿ ಓಡಿಸಬಹುದು. ಕೈಲೆಕ್ಕವೂ ಸುಲಭ: ಫಿನ್‌ಗಳ ನಡುವಿನ ಅರ್ಧ ಅಂತರದ ವರ್ಗಕ್ಕೆ ಕಾಲ ಅನುಪಾತದಲ್ಲಿರುತ್ತದೆ. ಫಿನ್ ಮೈ 20 ಡಿಗ್ರಿ ತಣ್ಣಗಿದೆ ಎಂದುಕೊಂಡರೆ ಅರ್ಧ ಅಂತರ 5 ಮಿ.ಮೀ. ಇರುವಲ್ಲಿ ಏಳೂವರೆ ನಿಮಿಷ, 12 ಮಿ.ಮೀ. ಇರುವಲ್ಲಿ 43 ನಿಮಿಷ, 20 ಮಿ.ಮೀ. ಇರುವಲ್ಲಿ ಎರಡು ಗಂಟೆ. ನಿಮ್ಮ ಎಂಟು ಫಿನ್‌ಗಳ ನಡುವೆ ಮಧ್ಯದಲ್ಲಿ ಅರ್ಧ ಅಂತರ 12, ಹೊರ ತುದಿಯಲ್ಲಿ 20. ನೀರಿನ ಬದಿಯ ರೋಧ ಸೇರಿದರೆ ಇನ್ನೂ ಹೆಚ್ಚು. ಹೊರಗಿನ ಈ ಬೆಣೆಯಾಕಾರದ ಜಾಗವೇ ಕೊನೆಗೆ ಉಳಿಯುವುದು. ಆದ್ದರಿಂದ ಗಟ್ಟಿಯಾಗಿಸಲು ಸಮನಾಗಿ ಹಂಚಿದ, ತುದಿಯಲ್ಲಿ ಕವಲೊಡೆದ ಫಿನ್ ಒಳ್ಳೆಯದು. ಕರಗಿಸಲು ಕೆಳಭಾಗದಲ್ಲಿ ಉದ್ದದ ಫಿನ್ ಒಳ್ಳೆಯದು. ಬರೀ ಕರಗುವ ಕಾಲ ನೋಡಿ ವಿನ್ಯಾಸ ಆರಿಸಿದವರು ಶಾಖ ವಾಪಸ್ ತೆಗೆಯುವಾಗ ಪಶ್ಚಾತ್ತಾಪ ಪಡುತ್ತಾರೆ. ಹಾಗೆಂದು ಫಿನ್ ತುಂಬುತ್ತಲೇ ಹೋಗಲೂ ಆಗದು: ನಿಮ್ಮ 1 ಮಿ.ಮೀ. ಫಿನ್‌ಗಳು ಪಿಸಿಎಂ ಜಾಗದ ಶೇಕಡಾ 3.5 ತಿನ್ನುತ್ತವೆ, 3 ಮಿ.ಮೀ. ಮಾಡಿದರೆ ಶೇಕಡಾ 10 ಮೀರುತ್ತದೆ.

ಪ್ರಯೋಗ ಇನ್ನೂ ನಿಧಾನವೆಂದು ಕಂಡರೆ ಕುಗ್ಗುವಿಕೆಯನ್ನು ನೆನೆಯಿರಿ. ಗಟ್ಟಿಯಾಗುವಾಗ ಮೇಣ ಕುಗ್ಗಿ ಮೇಲ್ಭಾಗದಲ್ಲಿ ಪೊಳ್ಳು ಬೀಳುತ್ತದೆ. ಮೇಲಿನ ಫಿನ್‌ನ ತುದಿ ಗಾಳಿಗೆ ತೆರೆದುಕೊಂಡು ಕೆಲಸಕ್ಕೆ ಬಾರದಾಗುತ್ತದೆ. ಟ್ಯೂಬಿಗೆ ಫಿನ್ ಬೆಸುಗೆಯಾಗಿದೆಯೋ ಬರೀ ಒತ್ತಿ ಕೂರಿಸಿದ್ದೋ ಎಂಬುದೂ ಮುಖ್ಯ, ಒತ್ತಿದ್ದಾದರೆ ಸಂಪರ್ಕ ರೋಧ ಕೊಡಬೇಕು. ಪ್ಯಾರಾಫಿನ್‌ನಲ್ಲಿ ಅತಿಶೀತಲನ ಸಣ್ಣದು. ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್‌ನಂಥ ಲವಣಕ್ಕೆ ಹೋದರೆ ಮಾತ್ರ ಈ ಮಾದರಿ ಕೈಕೊಡುತ್ತದೆ: 58 ಡಿಗ್ರಿಯಲ್ಲಿ ಕರಗುವ ಅದು ಕೋಣೆಯ ತಾಪಮಾನದಲ್ಲೂ ದ್ರವವಾಗಿಯೇ ಉಳಿಯಬಲ್ಲದು, ಎಂಥಾಲ್ಪಿ-ಪೊರಾಸಿಟಿ ಅದನ್ನು 58ಕ್ಕೇ ಗಟ್ಟಿ ಮಾಡಿಬಿಡುತ್ತದೆ.

ಕರಗುವಾಗ ಇದಕ್ಕೆ ವಿರುದ್ಧವಾದದ್ದೂ ನಡೆಯಬಹುದು. ಎರಡು ಫಿನ್‌ಗಳ ನಡುವಿನ ಗಟ್ಟಿ ಮೇಣ ಅಂಚುಗಳಲ್ಲಿ ಬಿಟ್ಟುಕೊಂಡು ಕೆಳಗಿನ ಬಿಸಿ ಫಿನ್ ಮೇಲೆ ಕುಸಿದು ಕೂತರೆ, ನಡುವಿನ ತೆಳು ದ್ರವಪದರದ ಮೂಲಕ ತುಂಬಾ ಬೇಗ ಕರಗುತ್ತದೆ. ನಿಮ್ಮ ಮಾದರಿ ಘನವನ್ನು ಇದ್ದಲ್ಲೇ ಹಿಡಿದಿಡುವುದರಿಂದ ಇದು ಕಾಣುವುದಿಲ್ಲ. ಗಡಿ ಶರತ್ತು, ಅರ್ಧ ವೃತ್ತ, ದ್ರವ್ಯರಾಶಿ ಇವನ್ನೆಲ್ಲ ಸರಿಪಡಿಸಿದ ಮೇಲೆ ನಿಮ್ಮ ಸಿಮ್ಯುಲೇಶನ್ ಪ್ರಯೋಗಕ್ಕಿಂತ ತುಸು ನಿಧಾನವಾದರೆ ಆಶ್ಚರ್ಯಪಡಬೇಡಿ. ಆಗ ಥರ್ಮೋಕಪಲ್‌ಗಳ ದಾಖಲೆಯಲ್ಲಿ ಕೆಳಫಿನ್‌ನ ಮೇಲ್ಮೈ ಹತ್ತಿರದ ಒಂದು ಬಿಂದು ಥಟ್ಟನೆ ಕರಗುವ ಬಿಂದುವಿಗೆ ಇಳಿದು ಮತ್ತೆ ಏರಿದೆಯೇ ಎಂದು ಹುಡುಕಿ.